ಪಿಂಜಾರನ ಬಿಲ್ಲು ಮತ್ತು ಹಾಸಿಗೆಯ ನುಸಿ

ಮಗಳು ಬೆಳಗಿನ ಜಾವ ಸೀನಲು ಶುರು ಮಾಡಿದರೆ ಎಣಿಸುವ ಅಭ್ಯಾಸ ನಮ್ಮ ಮನೆಯವರಿಗೆಲ್ಲ ಆಗಿಹೋಗಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಫಜರ್ ಅಜಾನಿನ ಹೊತ್ತಿಗೆ ಶುರುವಾಗುವುದು, ಹಾಸಿಗೆ ಬಿಟ್ಟು ಅಂಗಳದಲ್ಲಿ ಅರ್ಧ ಗಂಟೆ ಕೂತರೆ ತಾನಾಗಿ ನಿಲ್ಲುವುದು. ಮಳೆಗಾಲದಲ್ಲಿ ಸೀನಿನ ಜೊತೆ ಎದೆಯೊಳಗೆ ಸೀಟಿ ಊದಿದಂಥ ಸದ್ದು. ನೆಗಡಿ ಎಂದುಕೊಂಡೆವು, ಶೀತದ ದೇಹ ಎಂದುಕೊಂಡೆವು. ಬಾಳೆಹಣ್ಣು ಬಿಡಿಸಿದೆವು, ಮೊಸರು ಬಿಡಿಸಿದೆವು. ಕೊನೆಗೆ ದಾವಣಗೆರೆಯ ವೈದ್ಯರೊಬ್ಬರು ಅವಳ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು, ಸೂಜಿಯಿಂದ ಮೆಲ್ಲಗೆ ಚುಚ್ಚಿ, ಕಾಲು ಗಂಟೆ ಕಾಯಿಸಿದರು. ಒಂದು ಚುಕ್ಕೆ ಮಾತ್ರ ಸೊಳ್ಳೆ ಕಡಿತಕ್ಕಿಂತ ದೊಡ್ಡದಾಗಿ ಉಬ್ಬಿತು. ಹಾಸಿಗೆಯ ಧೂಳಿನಲ್ಲಿರುವ ನುಸಿಯ ಅಲರ್ಜಿ ಎಂದರು. ಆಮೇಲೆ ಅವರು ಕೇಳಿದ್ದು ಔಷಧಿಯ ಮಾತಲ್ಲ.

"ಮಗು ಮಲಗುವ ಗಾದಿ ಯಾವುದು? ಅದನ್ನು ಕೊನೆಯ ಸಲ ಬಿಚ್ಚಿಸಿದ್ದು ಯಾವಾಗ?"

ಅದು ನಮ್ಮ ನಿಕಾಹ್‌ಗೆ ಮಾಡಿಸಿದ್ದ ಗಾದಿ. ಬಿಚ್ಚಿಸಿ ಹದಿನಾರು ವರ್ಷ ದಾಟಿತ್ತು. ಬಿಚ್ಚಿಸುವುದಾದರೂ ಯಾರ ಕೈಯಲ್ಲಿ? ನಮ್ಮ ಬೀದಿಗೆ ಪಿಂಜಾರ ಬರುವುದನ್ನು ನಿಲ್ಲಿಸಿ ಅಷ್ಟೇ ಕಾಲವಾಗಿತ್ತು. ವೈದ್ಯರ ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ಎರಡು ಚರಿತ್ರೆಗಳು ಸಿಕ್ಕವು. ಒಂದು ನುಸಿಯದು, ಪುಸ್ತಕಗಳಲ್ಲಿದೆ. ಇನ್ನೊಂದು ನಮ್ಮ ಹಾಸಿಗೆಗಳ ಧೂಳನ್ನು ಉಸಿರಾಡಿದವರದು, ಅದನ್ನು ಬರೆದವರು ಕಡಿಮೆ.

ನುಸಿ ಎಂದರೆ ನಮ್ಮ ಕಡೆಯ ರೈತರಿಗೆ ತೆಂಗಿನ ನುಸಿಯೇ ನೆನಪಾಗುವುದು. 1990ರ ದಶಕದ ಕೊನೆಯಿಂದ ದಕ್ಷಿಣ ಭಾರತದ ತೋಟಗಳಲ್ಲಿ ಕಾಯಿಗಳನ್ನು ಸುಕ್ಕುಗಟ್ಟಿಸಿ ಕಾಡಿದ ಪೀಡೆ ಅದು. ಹಾಸಿಗೆಯ ನುಸಿ ಅದರ ದೂರದ ನೆಂಟ. ತಿಗಣೆಯಂತೆ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಉದ್ದ ಒಂದು ಮಿಲಿಮೀಟರಿನ ಕಾಲುಭಾಗದಷ್ಟು. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ನೀರು ಕುಡಿಯಲು ಅದಕ್ಕೆ ಬಾರದು. ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಂಡು ಬದುಕುತ್ತದೆ. ಆದ್ದರಿಂದಲೇ ಬೆವರು ಇಂಗುವ, ಮೈಯ ಬಿಸಿ ನಿಲ್ಲುವ ಹಾಸಿಗೆ ಅದಕ್ಕೆ ಅರಮನೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದು ಹಾಗೇ ಉಳಿದರೆ ಒಣಗಿ ಸಾಯುತ್ತದೆ. ಸತ್ತರೂ ತೊಂದರೆ ಮುಗಿಯುವುದಿಲ್ಲ. ಉಬ್ಬಸ ತರಿಸುವುದು ಮುಖ್ಯವಾಗಿ ಅದರ ಹಿಕ್ಕೆ ಎಂದು 1981ರಲ್ಲಿ ಟೋವಿ, ಚಾಪ್‌ಮನ್ ಮತ್ತು ಪ್ಲಾಟ್ಸ್-ಮಿಲ್ಸ್ ತೋರಿಸಿಕೊಟ್ಟರು. ಆ ಕಣಗಳು ಅಲುಗಾಡಿಸಿದಾಗ ಮಾತ್ರ ಗಾಳಿಗೇಳುತ್ತವೆ, ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಕೂರುತ್ತವೆ. ಹಾಸಿಗೆಯಲ್ಲಿ ಹೊರಳುವವನ ಮೂಗು ಮಾತ್ರ ಅವುಗಳ ಪಕ್ಕದಲ್ಲೇ ಇರುತ್ತದೆ.

ಇಷ್ಟು ತಿಳಿಯಲು ಮನುಷ್ಯನಿಗೆ ಒಂದು ಸಾವಿರ ವರ್ಷ ಹಿಡಿಯಿತು. ವಸಂತದಲ್ಲಿ ಗುಲಾಬಿ ಮೂಸಿದರೆ ಅಬೂ ಜೈದ್ ಬಲ್ಖಿಗೆ ಮೂಗು ಸೋರುವುದೇಕೆ ಎಂಬ ಒಂದೇ ಪ್ರಶ್ನೆಯ ಮೇಲೆ ಅಲ್-ರಾಜಿ ಹತ್ತನೆಯ ಶತಮಾನದ ಆರಂಭದ ಹೊತ್ತಿಗೆ ಒಂದು ಕಿರುಗ್ರಂಥ ಬರೆದಿದ್ದಾನೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸುಲ್ತಾನ್ ಸಲಾಹುದ್ದೀನನ ಆಸ್ಥಾನದ ವೈದ್ಯನಾಗಿದ್ದ ಯಹೂದಿ ವಿದ್ವಾಂಸ ಮೂಸಾ ಬಿನ್ ಮೈಮೂನ್, ಪಶ್ಚಿಮದವರು ಮೈಮೊನಿಡಿಸ್ ಎನ್ನುವವನು, ಉಬ್ಬಸದ ಬಗ್ಗೆಯೇ ಅರಬಿಯಲ್ಲಿ ಒಂದು ಗ್ರಂಥ ರಚಿಸಿದ. ರಾಜಮನೆತನದ ರೋಗಿಯೊಬ್ಬನಿಗಾಗಿ ಬರೆದದ್ದು. ಮದ್ದಿಗಿಂತ ಗಾಳಿ, ನಿದ್ದೆ, ಊಟದ ಕಡೆಗೇ ಅವನ ಗಮನ ಹೆಚ್ಚು. ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ 'ದಮಾ' ಎಂಬ ಶಬ್ದ ಗೊತ್ತು, ಯುನಾನಿ ಹಕೀಮರ 'ಜೀಕುನ್ನಫಸ್' ಗೊತ್ತು. ಈ ಗ್ರಂಥಗಳ ಹೆಸರನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಆದರೆ ಮೊದಲು ಹಾಸಿಗೆಯ ಮೇಲೇ ಕೈಯಿಟ್ಟ ವೈದ್ಯರಲ್ಲಿ ಹೆಸರಾದವನು ಇಟಲಿಯ ಜಿರೊಲಾಮೊ ಕಾರ್ಡಾನೊ. ಗಣಿತಜ್ಞನೆಂದು ಪ್ರಸಿದ್ಧನಾದ ಈತ 1552ರಲ್ಲಿ ಸ್ಕಾಟ್ಲೆಂಡಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ನ ಉಬ್ಬಸ ನೋಡಲು ಅಷ್ಟು ದೂರ ಪ್ರಯಾಣ ಮಾಡಿದ. ನೋಡಿ, ಹಕ್ಕಿ ಪುಕ್ಕದ ಹಾಸಿಗೆ ದಿಂಬುಗಳನ್ನು ತೆಗೆಸಿಬಿಡಿ ಎಂದ. ರೋಗಿ ಚೇತರಿಸಿಕೊಂಡ. ಕಾರಣ ಕಾರ್ಡಾನೊಗೂ ಗೊತ್ತಿರಲಿಲ್ಲ. 'ಅಲರ್ಜಿ' ಎಂಬ ಶಬ್ದವೇ ಹುಟ್ಟಿದ್ದು 1906ರಲ್ಲಿ, ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆಯಿಂದ. ಮನೆಯ ಧೂಳು ಕೆಲವರ ಚರ್ಮದ ಮೇಲೆ ಗಂದೆ ಎಬ್ಬಿಸುತ್ತದೆಂದು 1921ರಲ್ಲಿ ಅಮೆರಿಕದ ಕರ್ನ್ ತೋರಿಸಿದರು. ಧೂಳಿನಲ್ಲಿ ಏನಿದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬರಲು 1964 ಆಗಬೇಕಾಯಿತು. ಹಾಲೆಂಡಿನ ಲೈಡನ್ ನಗರದಲ್ಲಿ ವೈದ್ಯ ವೂರ್‌ಹೋರ್ಸ್ಟ್ ಮತ್ತು ಜೀವಶಾಸ್ತ್ರಜ್ಞ ಸ್ಪೀಕ್ಸ್‌ಮಾ ಅವರ ತಂಡ, ಒದ್ದೆ ಮನೆಗಳ ಧೂಳು ಒಣ ಮನೆಗಳ ಧೂಳಿಗಿಂತ ತೀಕ್ಷ್ಣವಾಗಿರುವುದನ್ನು ಗಮನಿಸಿ, ಆ ಧೂಳಿನಲ್ಲಿ ಹುಡುಕಿ ಈ ನುಸಿಯನ್ನು ಹಿಡಿಯಿತು. ನುಸಿಗೆ ವಿಜ್ಞಾನಿಗಳು ಇಟ್ಟಿದ್ದ ಗ್ರೀಕ್ ಹೆಸರು ಡರ್ಮಟೋಫಾಗೊಯ್ಡಿಸ್, ಚರ್ಮ ತಿನ್ನುವಂಥದ್ದು ಎಂದರ್ಥ.

ಇದು ಹಾಲೆಂಡಿನ ಚಳಿಮನೆಗಳ ಕತೆ, ನಮಗೇನು ಎನ್ನುವಂತಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ನುಸಿಗಳ ಅಧ್ಯಯನಕ್ಕೆ ದೇಶದಲ್ಲೇ ಹೆಸರಾದ ಜಾಗ, ಪ್ರೊ. ಜಿ.ಪಿ. ಚನ್ನಬಸವಣ್ಣನವರು ಅಲ್ಲಿ ಆ ವಿದ್ಯೆಯನ್ನು ಬೆಳೆಸಿದವರು. ನಮ್ಮ ಮನೆಗಳ ಧೂಳಿನಲ್ಲಿಯೂ ಈ ನುಸಿ ಇದೆಯೆಂದು ನಮ್ಮವರೇ ಕಂಡು ದಾಖಲಿಸಿ ದಶಕಗಳಾಗಿವೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳ ಲೆಕ್ಕ ಇಟ್ಟು, 1979ರಲ್ಲಿ ಶೇಕಡಾ 9ರಷ್ಟು ಮಕ್ಕಳಿಗಿದ್ದ ಅಸ್ತಮಾ 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತ್ತೆಂದು ಹೇಳಿದರು. ಅದರಲ್ಲಿ ಹೊಗೆಯದು, ವಾಹನಗಳದು ದೊಡ್ಡ ಪಾಲು. ಎಲ್ಲವನ್ನೂ ನುಸಿಯ ತಲೆಗೆ ಕಟ್ಟಬಾರದು.

ಈಗ ನಮ್ಮ ಸೀಮೆಗೆ ಬರೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈಗ ಒಂದೇ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ ತಾಲೂಕಾದದ್ದು 2018ರಲ್ಲಿ. ನಕ್ಷೆಯಲ್ಲಿ ಒಂದಾದರೂ ಗಾಳಿ ಒಂದಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆ, ಭದ್ರಾ ನಾಲೆ, ಮನೆಯ ಹಿತ್ತಲವರೆಗೆ ಒತ್ತಿಕೊಂಡ ಅಡಿಕೆ ತೋಟ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ. ಜಗಳೂರು ಬರದ ನಾಡು, ಗೋಡೆಗೆ ಅಂಟಿಸಿದ ಗಂಜಿ ಒಂದೇ ಮಧ್ಯಾಹ್ನಕ್ಕೆ ಒಣಗುವ ಊರು. ನನ್ನ ತಾಯಿಯ ತವರು ಜಗಳೂರಿನ ಕಡೆ. ಮದುವೆಯಾಗಿ ಹೊನ್ನಾಳಿಗೆ ಬಂದ ಮೊದಲ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ದುಪ್ಪಟಿಗೆ ಬೂಷ್ಟು ಹಿಡಿದದ್ದನ್ನು ಕಂಡು ಅತ್ತೆ ಬೈಯುತ್ತಾರೆಂದು ಅತ್ತಿದ್ದರಂತೆ. ಬೂಷ್ಟು ಎಂದರೇನೆಂದು ಅವರಿಗೆ ಗೊತ್ತೇ ಇರಲಿಲ್ಲ.

ಅವರ ಕಾಲಕ್ಕೆ ಗಾದಿ ಎಲ್ಲರ ಮನೆಯ ವಸ್ತುವಲ್ಲ. ಚಾಪೆ, ಅದರ ಮೇಲೆ ಕಂಬಳಿ ಅಥವಾ ಜಮಖಾನ, ಹೊದೆಯಲು ಕೌದಿ. ಬೆಳಗಾದರೆ ಸುತ್ತಿ ಮೂಲೆಗೆ ನಿಲ್ಲಿಸುವುದು. ದಾವಣಗೆರೆ, ಚಳ್ಳಕೆರೆ ಸೀಮೆಯ ಕಂಬಳಿಗೆ ಹಳೆಯ ಗೆಜೆಟಿಯರುಗಳಲ್ಲೂ ಹೆಸರಿದೆ. ವರ್ಷಕ್ಕೊಮ್ಮೆ ಹಿಂದೂಗಳು ಮಹಾನವಮಿಗೆ ಮುಂಚೆ, ನಾವು ರಂಜಾನಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಹೊರುತ್ತಿದ್ದೆವು. ಹೊನ್ನಾಳಿಯ ಮಳಲ ದಂಡೆಯ ಮೇಲೆ ನೂರಾರು ಕೌದಿಗಳು ಬಣ್ಣಬಣ್ಣವಾಗಿ ಹರಡಿಕೊಂಡಿರುತ್ತಿದ್ದವು. ಮಡಿವಾಳರು ಬಟ್ಟೆಯನ್ನು ಉಬ್ಬೆಗೆ ಹಾಕಿ ಬೇಯಿಸುತ್ತಿದ್ದರು. ನುಸಿ ಸಾಯಬೇಕಾದರೆ ನೀರು 55ರಿಂದ 60 ಡಿಗ್ರಿ ಬಿಸಿ ಇರಬೇಕೆಂದು ಇಂದಿನ ಪುಸ್ತಕ ಹೇಳುತ್ತದೆ; ಉಬ್ಬೆಯ ಹಬೆ ಅದಕ್ಕಿಂತ ಹೆಚ್ಚು. ಬಿಸಿಲಿನ ಮಾತೂ ಹಾಗೆಯೇ. ಆಸ್ಟ್ರೇಲಿಯದಲ್ಲಿ 1990ರ ದಶಕದಲ್ಲಿ ನೆಲಹಾಸನ್ನು ನೇರ ಬಿಸಿಲಿಗೆ ಹಾಕಿ ನೋಡಿದರು. ಬಿಸಿ ಏರಿ ತೇವ ಆರಿ, ಒಳಗಿದ್ದ ನುಸಿಗಳೆಲ್ಲ ಸತ್ತವು. ನಮ್ಮ ಹಿರಿಯರಿಗೆ ವಿಜ್ಞಾನ ಮೊದಲೇ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವ ಚಟ ಎಲ್ಲ ಧರ್ಮದವರಿಗೂ ಇದೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಅವರು ತಿಗಣೆಗೆ ಹೆದರಿ ಬಿಸಿಲಿಗೆ ಹಾಕುತ್ತಿದ್ದರು, ಅಷ್ಟೇ. ಮಲಗುವ ಮುನ್ನ ಹಾಸಿಗೆ ಕೊಡವಿಕೊಳ್ಳಿ, ನೀವು ಇಲ್ಲದಾಗ ಅಲ್ಲಿ ಏನು ಬಂದಿದೆಯೋ ತಿಳಿಯದು ಎಂಬ ಹದೀಸ್ ನಾವೆಲ್ಲ ಬಾಲ್ಯದಲ್ಲಿ ಕಲಿತದ್ದೇ. ಅದನ್ನು ಹಿಡಿದು ಪ್ರವಾದಿಯವರು ನುಸಿಯ ವಿಚಾರ ಹೇಳಿದ್ದರೆಂದು ಭಾಷಣ ಮಾಡಿದವರನ್ನೂ ಕೇಳಿದ್ದೇನೆ. ಅದು ಸ್ವಚ್ಛತೆಯ, ಎಚ್ಚರದ ಮಾತು, ಅಷ್ಟಾದರೆ ಸಾಲದೇ?

ಗಾದಿ ಅಂತಸ್ತಿನ ಗುರುತಾಗಿ ಬಂತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಸುತ್ತ ಹತ್ತಿಗೆ ಬರವಿರಲಿಲ್ಲ. ಹೆಣ್ಣಿನ ಕಡೆಯವರು ಕೊಡುವ ಸಾಮಾನಿನಲ್ಲಿ ಪಲ್ಲಂಗ, ಗಾದಿ, ಎರಡು ತಕ್ಯಾ, ಒಂದು ರಜಾಯಿ ಇಲ್ಲದಿದ್ದರೆ ಮಾತು ಬರುವಂತಾಯಿತು. ಗಾದಿ ಬಂದಲ್ಲಿಗೆ ಪಿಂಜಾರ ಬರಲೇಬೇಕು.

ಪಿಂಜಾರರು, ನದಾಫರು, ಲದಾಫರು, ಹೆಸರು ಬೇರೆ ಕಸುಬು ಒಂದೇ. ನದ್ದಾಫ್ ಎಂದರೆ ಅರಬಿಯಲ್ಲಿ ಹತ್ತಿ ಹಿಂಜುವವನು. ಆಂಧ್ರದಲ್ಲಿ ದೂದೇಕುಲದವರು, ಥರ್ಸ್ಟನ್ 1909ರ ತನ್ನ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಅವರನ್ನು ವರ್ಣಿಸಿದ್ದಾನೆ. ಉತ್ತರ ಭಾರತದ ಧುನಿಯಾಗಳು ಮನ್ಸೂರಿ ಎಂದು ಕರೆದುಕೊಳ್ಳುತ್ತಾರೆ. 'ನಾನೇ ಸತ್ಯ' ಎಂದದ್ದಕ್ಕೆ 922ರಲ್ಲಿ ಬಗ್ದಾದಿನಲ್ಲಿ ಕೊಲ್ಲಲ್ಪಟ್ಟನೆಂದು ನಂಬಲಾದ ಸೂಫಿ ಮನ್ಸೂರ್ ಹಲ್ಲಾಜನ ನೆನಪದು. ಹಲ್ಲಾಜ್ ಎಂದರೂ ಹತ್ತಿ ಹಿಂಜುವವನೇ. ಶುಕ್ರವಾರದ ಬಯಾನಿನಲ್ಲಿ ಹಲ್ಲಾಜನ ಹೆಸರು ಕೇಳಿ ಕಣ್ಣೀರು ಹಾಕುತ್ತಿದ್ದ ನಮ್ಮ ಉರ್ದು ಮಾತಿನ ಮನೆಗಳಲ್ಲಿ, ಬಾಗಿಲಿಗೆ ಬಂದ ಹಲ್ಲಾಜನನ್ನು ಅಂಗಳದಿಂದ ಒಳಗೆ ಕರೆಯುತ್ತಿರಲಿಲ್ಲ. ಅವರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ನಮಾಜು ಸರಿಯಾಗಿ ಬರುವುದಿಲ್ಲ, ಹೆಣ್ಣು ಕೊಡುವವರಲ್ಲ ಎಂಬ ಮಾತುಗಳನ್ನು ನಾನೇ ಕೇಳುತ್ತ ಬೆಳೆದೆ. ಹಿಂದೂ ಮನೆಗಳಲ್ಲಿ ಅವರು 'ಸಾಬರು', ನಮ್ಮ ಮನೆಗಳಲ್ಲಿ 'ಪಿಂಜಾರರು'. ಸರ್ಕಾರದ ಪಟ್ಟಿಯಲ್ಲಿ ಮಾತ್ರ ಅವರ ಸ್ಥಿತಿ ಸರಿಯಾಗಿ ದಾಖಲಾಯಿತು; ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಅವರ ಹೆಸರು ಬಂತು.

ಬೇಸಿಗೆಯಲ್ಲಿ ಅವರು ಬರುತ್ತಿದ್ದರು. ಹೆಗಲ ಮೇಲೆ ಆಳುದ್ದದ ಬಿಲ್ಲು, ಅದಕ್ಕೆ ನರದ ಹೆದೆ, ಕೈಯಲ್ಲಿ ಮರದ ಕೊಡತಿ. ಬಾಯಲ್ಲಿ ಕೂಗಬೇಕಾಗಿರಲಿಲ್ಲ, ಹೆದೆಯನ್ನು ಒಮ್ಮೆ ಮೀಟಿದರೆ ಸಾಕು, ಓಣಿಗೆಲ್ಲ ಗೊತ್ತಾಗುತ್ತಿತ್ತು. ಗಾದಿಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹಳೆಯ ಅರಳೆಯನ್ನು ಬಿಸಿಲಿಗೆ ಹರಡಿ, ಆಮೇಲೆ ಕೂತು ಹಿಂಜುವುದು. ಹೆದೆ ಅರಳೆಯೊಳಗೆ ನಡುಗಿದಂತೆ ಗಂಟು ಬಿಡಿಸಿಕೊಂಡು ಮೊಲದ ಮರಿಯಂತೆ ಮೇಲೆ ಹಾರುವುದು, ಧೂಳು ಕೆಳಗೆ ಬೀಳುವುದು. ದೊಡ್ಡ ಗಾದಿಯಲ್ಲಿ ಹತ್ತು ಹನ್ನೆರಡು ಕೇಜಿ ಅರಳೆ. ಸಂಜೆಯ ಹೊತ್ತಿಗೆ ಗಾದಿ ಹೊಸದು, ಪಿಂಜಾರ ಹುಬ್ಬಿನಿಂದ ಕಾಲ್ಬೆರಳವರೆಗೆ ಬೆಳ್ಳಗೆ. ಎರಡು ಮೂರು ವರ್ಷಕ್ಕೊಮ್ಮೆ ಈ ಕೆಲಸ ಆಗದಿದ್ದರೆ ಮನೆಯ ಯಜಮಾನಿಗೆ ಸಮಾಧಾನವಿರಲಿಲ್ಲ.

ಒಂದು ಕುಟುಂಬ ಮೂರು ವರ್ಷ ಉದುರಿಸಿದ ಚರ್ಮ, ನುಸಿಯ ಹಿಕ್ಕೆ, ಹಳೆಯ ಹತ್ತಿಯ ಪುಡಿ, ಇವೆಲ್ಲ ಆ ದಿನ ಗಾದಿ ಬಿಟ್ಟು ಎಲ್ಲಿಗೆ ಹೋಗುತ್ತಿದ್ದವು? ವೈದ್ಯರ ಮುಂದೆ ಕೂತಾಗ ನನಗೆ ಹೊಳೆದದ್ದು ಈ ಪ್ರಶ್ನೆ. ನಾವು ಆ ಹೊತ್ತು ಬಾಗಿಲು ಕಿಟಕಿ ಮುಚ್ಚಿಕೊಂಡು ಒಳಗಿರುತ್ತಿದ್ದೆವು. ಮೂಗಿಗೆ ಒಂದು ಸುತ್ತು ಬಟ್ಟೆ ಕಟ್ಟಿಕೊಂಡ ಅವನು ಇವತ್ತು ನಮ್ಮ ಮನೆಯದನ್ನು, ನಾಳೆ ಪಕ್ಕದ ಮನೆಯದನ್ನು, ನಾಡಿದ್ದು ಮುಂದಿನ ಊರಿನದನ್ನು ಉಸಿರಾಡುತ್ತಿದ್ದ. ನಾರು, ಸೆಣಬು ಹಿಂಜುವವರು ಸದಾ ಕೆಮ್ಮುವುದನ್ನೂ ಉಬ್ಬಸ ಪಡುವುದನ್ನೂ ಇಟಲಿಯ ರಮಾಜಿನಿ 1700ರಲ್ಲೇ ಕಸುಬುಗಳ ರೋಗದ ಬಗ್ಗೆ ಬರೆದ ಪುಸ್ತಕದಲ್ಲಿ ಗುರುತಿಸಿದ್ದ. ಹತ್ತಿ ಗಿರಣಿಯ ಧೂಳಿನಿಂದ ಬರುವ ಕಾಯಿಲೆಗೆ ಬಿಸ್ಸಿನೋಸಿಸ್ ಎಂದು ಹೆಸರು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದು ಅದರ ಮೊದಲ ಲಕ್ಷಣ. ನಮ್ಮ ಕಾರ್ಮಿಕ ಕಾನೂನಿನ ರೋಗಗಳ ಪಟ್ಟಿಯಲ್ಲಿ ಅದಿದೆ. ಗಿರಣಿಯ ಕಾರ್ಮಿಕನಿಗೆ ಕಾಗದದ ಮೇಲಾದರೂ ಒಂದು ಹಕ್ಕಿದೆ. ಬೀದಿಯ ಪಿಂಜಾರನಿಗೆ ಗಿರಣಿಯೂ ಇಲ್ಲ, ಮಾಲೀಕನೂ ಇಲ್ಲ. ನಾವೆಲ್ಲರೂ ಒಂದೊಂದು ದಿನದ ಮಾಲೀಕರು.

ಮೊದಲು ಹಿಂಜುವ ಯಂತ್ರ ಬಂದು ಬಿಲ್ಲು ಅಟ್ಟ ಸೇರಿತು. ತೆಂಗಿನ ನಾರಿಗೆ ರಬ್ಬರ್ ಸೇರಿಸಿದ ಹಾಸಿಗೆ, ಫೋಮು, ಸ್ಪ್ರಿಂಗು ಬಂದ ಮೇಲೆ ಯಂತ್ರಕ್ಕೂ ಕೆಲಸ ಕಡಿಮೆಯಾಯಿತು. ಇವುಗಳಲ್ಲಿ ನುಸಿ ಸೇರುವುದಿಲ್ಲವೆಂಬ ನಂಬಿಕೆ ತಪ್ಪು, ಮೇಲ್ಹೊದಿಕೆಯಲ್ಲೂ ಒಳಗೂ ಸೇರುತ್ತದೆ. ಎರಡಾಳಿನ ಫೋಮನ್ನು ಮಾಳಿಗೆಗೆ ಹೊತ್ತು ಬಿಸಿಲಿಗೆ ಹಾಕುವವರು ಯಾರು? ಬಿಚ್ಚಿ ಹಿಂಜಲಂತೂ ಬಾರದು. ಅದರ ಜೊತೆ ಮನೆಯೂ ಬದಲಾಯಿತು. ಹೆಂಚು ಹೋಗಿ ಆರ್‌ಸಿಸಿ ಬಂತು, ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿತು, ಬೇಸಿಗೆಯಲ್ಲಿ ನೀರು ತುಂಬಿದ ಕೂಲರ್ ತಿರುಗಿತು. ಜಗಳೂರಿನ ಒಣ ಬೇಸಿಗೆಗೂ ಕೂಲರ್ ತೇವ ಕೊಟ್ಟಿತು.

ಹೊದಿಕೆ ಬದಲಾದರೆ ಊರಿನ ಉಸಿರೇ ಬದಲಾಗಬಹುದು ಎಂಬುದಕ್ಕೆ ದೂರದ ಒಂದು ಉದಾಹರಣೆಯಿದೆ. ಪಾಪುವಾ ನ್ಯೂಗಿನಿಯ ಬೆಟ್ಟದ ಹಳ್ಳಿಗಳಲ್ಲಿ ಅಸ್ತಮಾ ತೀರ ಅಪರೂಪವಾಗಿತ್ತು. ಹೊರಗಿನಿಂದ ಹೊದಿಕೆಗಳು ಬಂದು, ಜನ ಅವನ್ನು ತೊಳೆಯದೆ ಹೊಗೆ ತುಂಬಿದ ಗುಡಿಸಲುಗಳಲ್ಲಿ ಹೊದ್ದು ಮಲಗತೊಡಗಿದ ಮೇಲೆ ವಯಸ್ಕರಲ್ಲಿ ಅದು ಶೇಕಡಾ 7ರ ಆಸುಪಾಸಿಗೆ ಏರಿತು. 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಹೊದಿಕೆಗಳ ತುಂಬ ನುಸಿ ಸಿಕ್ಕ ವಿವರವಿದೆ.

ಹಾಗಾದರೆ ಮಾಡುವುದೇನು? ಸ್ಪ್ರೇ ಹೊಡೆಯುವುದು, ಯಂತ್ರ ಕೊಳ್ಳುವುದು ಮುಂತಾದ ಒಂದೊಂದೇ ಉಪಾಯದಿಂದ ಹೆಚ್ಚು ಪ್ರಯೋಜನವಿಲ್ಲವೆಂದು ಹತ್ತಾರು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಡೆನ್ಮಾರ್ಕಿನ ಸಂಶೋಧಕರು ಹೇಳಿದ್ದಾರೆ. ಮಕ್ಕಳ ವಿಷಯದಲ್ಲಿ ಸ್ವಲ್ಪ ಆಸೆಯಿದೆ. ಇಂಗ್ಲೆಂಡಿನಲ್ಲಿ ನುಸಿ ಅಲರ್ಜಿಯ 284 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ನುಸಿ ದಾಟದ ನೇಯ್ಗೆಯ ಗವಸು, ಉಳಿದವರಿಗೆ ಸಾಮಾನ್ಯ ಗವಸು ಕೊಟ್ಟು ಒಂದು ವರ್ಷ ನೋಡಿದರು. ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಓಡಬೇಕಾದವರು ಮೊದಲ ಗುಂಪಿನಲ್ಲಿ ಶೇಕಡಾ 29, ಎರಡನೆಯದರಲ್ಲಿ 42. ಇದು 2017ರಲ್ಲಿ ಪ್ರಕಟವಾಯಿತು. ಗವಸಿನ ಜೊತೆ ವಾರಕ್ಕೊಮ್ಮೆ ಕುದಿನೀರಿಗೆ ಹತ್ತಿರದ ಬಿಸಿಯಲ್ಲಿ ಚಾದರ ಒಗೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹಾಸಿಗೆ ಕೊಡವುವ ಕೆಲಸ ರೋಗಿ ಮಾಡದಿರುವುದು. ಇದೆಲ್ಲದರ ಮೇಲೆ ವೈದ್ಯರು ಹೇಳಿದ ಇನ್ಹೇಲರ್. ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ 1972ರಿಂದ ಬಳಕೆಯಲ್ಲಿದೆ. ನಮ್ಮ ಕಡೆ ಇನ್ನೂ ಅದಕ್ಕೆ ಅಂಟಿದ ಹೆದರಿಕೆ ಹೋಗಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಹೆದರಿಕೆ ಬೇರೆಯೇ ತರದ್ದು. ನಮ್ಮ ಬಂಧುವೊಬ್ಬಾಕೆ, "ಪಂಪು ಹಚ್ಚಿಸಬೇಡಿ, ನಾಳೆ ಸಂಬಂಧ ನೋಡಲು ಬಂದವರ ಮುಂದೆ ಏನು ಹೇಳ್ತೀರಿ?" ಎಂದು ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದರು. ಉಬ್ಬಸವನ್ನು ಬಚ್ಚಿಟ್ಟು ಮದುವೆ ಮಾಡಿ, ಗಂಡನ ಮನೆಯಲ್ಲಿ ಬಚ್ಚಲಿಗೆ ಹೋಗಿ ಕದ್ದು ಇನ್ಹೇಲರ್ ಎಳೆಯುವ ಹುಡುಗಿಯರು ನನಗೆ ಗೊತ್ತು. ಆ ಮದುವೆಗಳಿಗೂ ಗಾದಿ ಕೊಟ್ಟಿರುತ್ತಾರೆ.

ನಮ್ಮ ಗಾದಿ ಬಿಚ್ಚಲು ಕೊನೆಗೆ ಒಬ್ಬರು ಸಿಕ್ಕಿದ್ದು ನ್ಯಾಮತಿಯಲ್ಲಿ. ಮಗ ಹಿಂಜುವ ಯಂತ್ರದ ಅಂಗಡಿ ಇಟ್ಟಿದ್ದಾನೆ, ತಂದೆಗೆ ಅರವತ್ತು ದಾಟಿದೆ. ಆಟೋದಲ್ಲಿ ಗಾದಿ ಹಾಕಿಕೊಂಡು ಹೋದೆವು. ಮಗಳು ದೂರದ ಬೇವಿನ ಮರದ ಕೆಳಗೆ ದುಪಟ್ಟ ಮೂಗಿಗೆ ಹಿಡಿದು ನಿಂತಳು. ಹಿರಿಯರು ಒಂದು ಮೂಲೆ ಮಾತ್ರ ಬಿಚ್ಚಿ, ಒಳಗೆ ಕೈ ಹಾಕಿ, ಮುಷ್ಟಿ ಅರಳೆ ತೆಗೆದು ತಿಕ್ಕಿದರು. ಕಂದು ಪುಡಿ ಉದುರಿತು.

"ಮೇಷ್ಟ್ರೇ, ಇದನ್ನ ಹಿಂಜಿ ಕೊಟ್ಟರೆ ನನಗೆ ಕೂಲಿ ಸಿಗ್ತದೆ. ಆದರೆ ಈ ಹುಡುಗಿಗೆ ಇದು ಬ್ಯಾಡ. ಸುಟ್ಟುಬಿಡಿ" ಎಂದರು. ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದರು. ಅವರ ತಂದೆಗೂ ಹೀಗೇ ಇತ್ತಂತೆ. ಊರವರೆಲ್ಲ ಕ್ಷಯ ಎಂದರು, ತಟ್ಟೆ ಲೋಟ ಬೇರೆ ಇಟ್ಟರು, ಕಫ ಪರೀಕ್ಷೆಯಲ್ಲಿ ಏನೂ ಬರಲಿಲ್ಲ, ಐವತ್ತೈದಕ್ಕೇ ಹೋದರು.

ಆಮೇಲೆ ಅಂಗಿಯ ಜೇಬಿನಿಂದ ಒಂದು ಇನ್ಹೇಲರ್ ತೆಗೆದರು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟದ್ದು, ಎರಡು ತಿಂಗಳಾಯಿತು, ಗುಣ ಕಾಣುತ್ತಿಲ್ಲ ಎಂದರು. ಹೇಗೆ ಹಾಕಿಕೊಳ್ಳುತ್ತೀರಿ ಎಂದೆ. ಬಾಯಿ ತೆರೆದು ಅತ್ತರು ಹಾಕುವಂತೆ ನಾಲಗೆಗೆ ಎರಡು ಸಲ ಹೊಡೆದು ತೋರಿಸಿದರು. ಮರದ ಕೆಳಗಿನಿಂದ ಮಗಳು ನಕ್ಕುಬಿಟ್ಟಳು. "ಹಾಗಲ್ಲ ಚಾಚಾ" ಎಂದು ಹತ್ತಿರ ಬಂದಳು, ಗಾದಿಯನ್ನು ದಾಟಿಕೊಂಡೇ. ಮೊದಲು ಉಸಿರೆಲ್ಲ ಹೊರಗೆ ಬಿಡಬೇಕು, ತುಟಿ ಬಿಗಿಹಿಡಿಯಬೇಕು, ಒತ್ತುತ್ತಿದ್ದಂತೆ ನಿಧಾನ ಒಳಗೆ ಎಳೆಯಬೇಕು, ಎಳೆದು ಹಿಡಿದಿಡಬೇಕು. ಹಿರಿಯರು ಮೂರನೆಯ ಸಲಕ್ಕೆ ಸರಿಯಾಗಿ ಎಳೆದುಕೊಂಡು ಕಣ್ಣು ಮುಚ್ಚಿ ಕೂತರು. ಅವಳು ಬೆರಳು ಮಡಿಸುತ್ತ ಎಣಿಸಿದಳು, ಒಂದರಿಂದ ಹತ್ತು.